ಕೆಂಪಯ್ಯ ತಿರುಗಿಸಿದ ಪಲ್ಪರ್

ಆಕಿಬ್ ಟೀಪಾಯಿಯ ಮೇಲೆ ಫೋನನ್ನೂ ಅದರ ಪಕ್ಕ ಒಂದು ಪುಟ್ಟ ಸ್ಪೀಕರನ್ನೂ ಇಟ್ಟು, ಇದೊಂದು ಕೇಳಬೇಕು ಅಂದಾಗ, ತಮ್ಮ ಹಳೆಯ ವಿದ್ಯಾರ್ಥಿ ಹೊಸದೇನೋ ಮಾಡಿರಬೇಕು ಅಂದುಕೊಂಡು ವಿಮಲಮ್ಮ ಕನ್ನಡಕ ತೆಗೆದಿಟ್ಟು ಕೂತರು. ಆಕಿಬ್ ಮೂಡಿಗೆರೆ ಬಸ್ ನಿಲ್ದಾಣದ ಹತ್ತಿರ ಸೌಂಡ್ಸ್ ಅಂಗಡಿ ಇಟ್ಟುಕೊಂಡಿದ್ದ. ಮದುವೆ, ಉರುಸು, ಗಣೇಶನ ಪೆಂಡಾಲು, ಹೋಂಸ್ಟೇಗಳ ಪಾರ್ಟಿ ಎಲ್ಲಕ್ಕೂ ಅವನದೇ ಸ್ಪೀಕರು. ಬಿಡುವಿದ್ದಾಗ ಕಂಪ್ಯೂಟರಿನಲ್ಲಿ ತನ್ನದೇ ಸಂಗೀತ ಮಾಡುತ್ತಿದ್ದ. ಮೊದಲು ಬಂದು ಕೇಳಿಸುತ್ತಿದ್ದದ್ದು ವಿಮಲಮ್ಮನವರಿಗೇ. ಅವರು ಪಿಯುಸಿಯಲ್ಲಿ ಅವನಿಗೆ ಫಿಸಿಕ್ಸ್ ಕಲಿಸಿದವರು.

ಸ್ಪೀಕರಿನಿಂದ ಮೊದಲು ಬಂದದ್ದು ಹಳೆಯ ಟೇಪಿನ ಸುಯ್ ಎನ್ನುವ ಸದ್ದು. ಆಮೇಲೆ ಒಬ್ಬ ಹುಡುಗಿಯ ದನಿ: "ಕೆಂಪಯ್ಯ, ಇನ್ನೂ ನಿಧಾನ ತಿರುಗ್ಸು ಮಾರಾಯ. ಹಾಂ, ಹಾಗೆ." ಅದರ ಬೆನ್ನಿಗೇ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೈ ಪಲ್ಪರಿನ ಗರಗರ ಶುರುವಾಗಿ, ಕ್ರಮೇಣ ತಗ್ಗುತ್ತಾ, ನೆಲದೊಳಗಿಂದ ಬರುವ ಗುಡುಗಿನಂತಾಯಿತು.

"ನಿಲ್ಸು" ಅಂದರು ವಿಮಲಮ್ಮ.

ಆಕಿಬ್ ನಿಲ್ಲಿಸಿ ವಿಷಯ ಹೇಳಿದ. ಎಪ್ಪತ್ತರ ದಶಕದಲ್ಲಿ ಬೊಂಬಾಯಿಯಲ್ಲಿ ಒಂದು ಸ್ಟುಡಿಯೋ ಇತ್ತಂತೆ. ಸಂಗೀತದ ಹುಚ್ಚಿದ್ದ ಮಿಲ್ ಮಾಲೀಕರೊಬ್ಬರು ವಿದೇಶದಿಂದ ಸಿಂಥಸೈಸರ್ ತರಿಸಿ ನಡೆಸುತ್ತಿದ್ದರಂತೆ. ಅಲ್ಲಿ ಮಾಡಿದ ಪ್ರಯೋಗಗಳ ಟೇಪುಗಳನ್ನು ಹೊರದೇಶದ ಒಂದು ಸಣ್ಣ ಕಂಪನಿ ಹುಡುಕಿ ಈಗ ಗ್ರಾಮಫೋನ್ ರೆಕಾರ್ಡಾಗಿ ಹೊರತಂದಿತ್ತು. ಈ ಟೇಪು ಸಿಕ್ಕಿದ್ದು ಆ ಸ್ಟುಡಿಯೋದಲ್ಲಿ ಎಂಜಿನಿಯರ್ ಆಗಿದ್ದ ಶಶಿಧರ್ ಎಂಬವರ ಮನೆಯಲ್ಲಿ. ಅವರು ತೀರಿಹೋಗಿದ್ದರು. ರೆಕಾರ್ಡಿನ ಮೇಲೆ ಅವರ ಹೆಸರೇ ಅಚ್ಚಾಗಿತ್ತು.

"ಆದ್ರೆ ಈ ದನಿ ನಿಮ್ದೇ ಅಲ್ವಾ ಮೇಡಂ?" ಎಂದು ಕೇಳಿದ.

ವಿಮಲಮ್ಮ ಅಲ್ಲವೆಂದರು. ಗೋಣಿಬೀಡಿನ ಕಡೆ ಕೆಂಪಯ್ಯ ಎನ್ನುವ ಹೆಸರಿನವರು ಎಷ್ಟೋ ಜನ, ಹಾಗೆ ಮಾತಾಡುವ ಹೆಂಗಸರೂ ಎಷ್ಟೋ ಜನ ಎಂದರು. ಹೇಳುವಾಗ ಕನ್ನಡಕ ಹುಡುಕುವ ನೆಪದಲ್ಲಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ಆಕಿಬ್ ಸರಿ ಎಂದು ತಲೆಯಾಡಿಸಿದ. ಆದರೆ ಅವನಿಗೆ ನಂಬಿಕೆ ಬರಲಿಲ್ಲ. ಲ್ಯಾಬಿನಲ್ಲಿ ಹುಡುಗರು ಅವಸರಪಟ್ಟು ಸ್ಕ್ರೂಗೇಜ್ ತಿರುಗಿಸುವಾಗ ಇದೇ "ಇನ್ನೂ ನಿಧಾನ" ಬೆನ್ನ ಹಿಂದಿನಿಂದ ಕೇಳಿಸುತ್ತಿತ್ತು.

ಅವನು ಹೋದ ಮೇಲೆ ವಿಮಲಮ್ಮ ಅಲ್ಲಿಯೇ ಕೂತಿದ್ದರು. ಆ ದನಿ ಅವರದೇ. ಟೇಪು ಕೂಡ ಅವರದೇ.

ಅವರ ತಂದೆ ಗೋಣಿಬೀಡಿನ ಆಚೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಕೊಯ್ಲಿನ ಲೆಕ್ಕ ನೋಡುವ ಗುಮಾಸ್ತೆಯ ಕೆಲಸ. ಮಗಳು ವಿಮಲಾ ಮೈಸೂರಿನಲ್ಲಿ ಎಂಎಸ್ಸಿ ಮುಗಿಸಿ ಬೊಂಬಾಯಿಯ ಚಿಕ್ಕಮ್ಮನ ಮನೆಗೆ ಹೋದಳು. ಆ ಸ್ಟುಡಿಯೋದಲ್ಲಿ ಉಪಕರಣ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿದ್ದ ಶಶಿಧರ್ ಕನ್ನಡದವರೇ ಆದ್ದರಿಂದ ಚಿಕ್ಕಮ್ಮನೂ ಒಪ್ಪಿದರು. ಸಂಗೀತಗಾರರು ಮನೆಗೆ ಹೋದ ಮೇಲೆ ಸಿಂಥಸೈಸರು ಖಾಲಿ ಇರುತ್ತಿತ್ತು. ಗೋಡೆಯಷ್ಟು ದೊಡ್ಡದು, ಮೈತುಂಬಾ ವೈರು, ತಿರುಗಣಿ. ವಿಮಲಾ ಅದರ ಮುಂದೆ ಕೂರತೊಡಗಿದಳು. ಬರಿಯ ವಿದ್ಯುತ್ತಿನಿಂದ ಒಂದು ಸ್ವರ ಹುಟ್ಟುತ್ತದೆ, ಅದನ್ನು ಬೆರಳಿನಿಂದ ದಪ್ಪ ಮಾಡಬಹುದು, ತೆಳ್ಳಗೆ ಮಾಡಬಹುದು ಎನ್ನುವುದೇ ಅವಳಿಗೆ ಸೋಜಿಗವಾಗಿತ್ತು. ಶಶಿಧರ್ ಬೇಡವೆನ್ನಲಿಲ್ಲ. ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸುವುದನ್ನು ಅವರೇ ಕಲಿಸಿಕೊಟ್ಟರು.

ಕಾಫಿ ಕೊಯ್ಲಿನ ಕಾಲಕ್ಕೆ ಅವಳು ಸ್ಟುಡಿಯೋದ ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಊರಿಗೆ ಬಂದಳು. ಎಸ್ಟೇಟಿನ ಆಳು ಕೆಂಪಯ್ಯನ ಕೈಯಲ್ಲಿ ಹಳೆಯ ಕೈ ಪಲ್ಪರನ್ನು ತಿರುಗಿಸಿಸಿ ಅದರ ಸದ್ದನ್ನು ಟೇಪಿಗೆ ಹಿಡಿದಳು. ಸಂಜೆಯ ಜೀರುಂಡೆಗಳನ್ನೂ ಹಿಡಿದಳು. ಬೊಂಬಾಯಿಗೆ ಮರಳಿ ಪಲ್ಪರಿನ ಸದ್ದಿನ ವೇಗ ಅರ್ಧಕ್ಕಿಳಿಸಿ, ಆ ಟೇಪಿನ ತುಂಡನ್ನು ಬಳೆಯಂತೆ ಅಂಟಿಸಿ, ಅದೇ ಸದ್ದು ಮತ್ತೆ ಮತ್ತೆ ಬರುವಂತೆ ಸುತ್ತಲು ಬಿಟ್ಟಳು. ಜೀರುಂಡೆಯ ಶ್ರುತಿಗೆ ಸಿಂಥಸೈಸರಿನ ಸ್ವರ ಸೇರಿಸಿದಳು. ಕೆಲಸ ಮುಗಿಯುವ ಹೊತ್ತಿಗೆ ಮಳೆಗಾಲ ಬಂದಿತ್ತು. ಅವಳು ತನ್ನ ಜೀವನದಲ್ಲಿ ಅಷ್ಟು ಸಂತೋಷದಿಂದ ಮಾಡಿದ ಕೆಲಸ ಮತ್ತೊಂದಿರಲಿಲ್ಲ.

ಮುಂದಿನ ರಜೆಯಲ್ಲಿ ಟೇಪಿನ ಒಂದು ಪ್ರತಿ ತಂದಳು. ಮಗಳು ಬೊಂಬಾಯಿಯಲ್ಲಿ ಸಂಗೀತ ಮಾಡಿದ್ದಾಳೆಂದು ತಂದೆಗೆ ಹೆಮ್ಮೆಯೋ ಹೆಮ್ಮೆ. ಎಸ್ಟೇಟಿನ ಧಣಿಗಳಿಗೆ ಹೇಳಿ, ಪ್ಲಾಂಟರುಗಳ ಕ್ಲಬ್ಬಿನಲ್ಲಿ ಒಂದು ಸಂಜೆ ಅದನ್ನು ಕೇಳಿಸಲು ಏರ್ಪಾಡು ಮಾಡಿದರು. ಕ್ಲಬ್ಬಿನೊಳಗೆ ಅವರು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಟೇಪು ಶುರುವಾಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಮಗು ಹೆದರಿ ಅಳತೊಡಗಿತು. ಯಾರೋ ಕಿಸಕ್ಕೆಂದರು. ಧಣಿಗಳು ಕುರ್ಚಿಗೆ ಒರಗಿ, "ರೈಟರೇ, ನಮ್ಮ ಪಲ್ಪರ್ ಕೆಟ್ಟಾಗ್ಲೂ ಇದೇ ಸದ್ದಲ್ವೇನ್ರೀ? ಅದಕ್ಕೆ ಬೊಂಬಾಯಿಗೆ ಯಾಕೆ ಹೋಗ್ಬೇಕಿತ್ತು?" ಎಂದರು. ಇಡೀ ಕೋಣೆ ನಕ್ಕಿತು. ತಂದೆ ಎದ್ದು ನಿಂತು, ಎರಡೂ ಕೈ ಜೋಡಿಸಿ, ತಪ್ಪಾಯಿತು, ಕ್ಷಮಿಸಬೇಕು ಎಂದರು. ಟೇಪು ಇನ್ನೂ ಓಡುತ್ತಿತ್ತು.

ಮನೆಗೆ ಬರುವ ದಾರಿಯಲ್ಲಿ ತಂದೆ ಮಾತಾಡಲಿಲ್ಲ. ಆ ಮೌನ ತಾಳಲಾರದೆ ವಿಮಲಾ, ಅದು ತಾನು ಮಾಡಿದ್ದಲ್ಲ, ಸ್ಟುಡಿಯೋದವರು ಮಾಡಿದ್ದು, ತಾನು ಬರೀ ಸ್ವಿಚ್ಚು ಹಾಕುವವಳು ಎಂದುಬಿಟ್ಟಳು. ತಂದೆ ಅಂತೂ ಉಸಿರು ಬಿಟ್ಟು, "ಸದ್ಯ" ಎಂದರು. ಅವಳು ಬೊಂಬಾಯಿಗೆ ಹಿಂತಿರುಗಲಿಲ್ಲ. ಮೂಡಿಗೆರೆಯಲ್ಲಿ ಮೇಡಂ ಆದಳು. ಮದುವೆಯಾಯಿತು, ಗಂಡ ತೀರಿಕೊಂಡರು, ನಿವೃತ್ತಿಯೂ ಆಯಿತು. ಆ ಟೇಪಿನ ವಿಷಯ ಯಾರಿಗೂ ಹೇಳಲಿಲ್ಲ. ನೆನಪಾದಾಗಲೆಲ್ಲ, ಬಚ್ಚಲಲ್ಲಿ ಇದ್ದರೂ ಅಡುಗೆಮನೆಯಲ್ಲಿ ಇದ್ದರೂ, ಮುಖ ಬಿಸಿಯಾಗುತ್ತಿತ್ತು.

ಕೆಲವು ವಾರ ಕಳೆದು ಆಕಿಬ್ ಮತ್ತೆ ಬಂದ. ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಬಗ್ಗೆ ಮಾತಾಡಲು ಅವನನ್ನು ಕರೆದಿದ್ದರು. ಅವನು ಡಿಗ್ರಿ ಮುಗಿಸಿದವನಲ್ಲ. ಕಾಲೇಜೊಂದರ ವೇದಿಕೆ ಹತ್ತುವುದು ಅವನಿಗೆ ದೊಡ್ಡ ಸಂಗತಿ. ಮೇಡಂ ಬರಲೇಬೇಕು ಅಂದ. ಹೋಗಬಾರದು ಅಂದುಕೊಂಡರೂ ವಿಮಲಮ್ಮ ಹೊರಟರು. ಅವನ ಮೇಲಿನ ಅಕ್ಕರೆ ಒಂದು ಕಾರಣ. ಟೇಪಿನ ಬಗ್ಗೆ ಅವನು ಏನನ್ನುತ್ತಾನೋ ಕೇಳುವ ಆಸೆ ಇನ್ನೊಂದು. ಈ ಎರಡನೆಯದನ್ನು ಅವರು ತಮ್ಮೊಳಗೂ ಒಪ್ಪಿಕೊಳ್ಳಲಿಲ್ಲ.

ಆಕಿಬ್ ಚೆನ್ನಾಗಿ ಮಾತಾಡಿದ. ಪ್ಯಾರಿಸ್ಸಿನ ರೇಡಿಯೋದವರು ರೈಲಿನ ಸದ್ದನ್ನು ಹಿಡಿದು, ತುಂಡರಿಸಿ, ಜೋಡಿಸಿ ಸಂಗೀತ ಮಾಡಿದ್ದನ್ನು ಹೇಳಿದ. ಜರ್ಮನಿಯಲ್ಲಿ ಬರೀ ವಿದ್ಯುತ್ತಿನ ಸ್ವರಗಳಿಂದ ಸಂಗೀತ ಕಟ್ಟಿದ್ದನ್ನು ಹೇಳಿದ. ಆಗ ಜನ ನಕ್ಕರು, ಬೈದರು. ಆದರೆ ಆ ಪ್ರಯೋಗದವರ ಆಟವೇ ಮುಂದೆ ಬ್ಯಾಂಡುಗಳ ಕೈಗೆ ಬಂತು. ಅಮೆರಿಕದ ಡೆಟ್ರಾಯಿಟಿನಲ್ಲಿ ಕಪ್ಪು ಜನಾಂಗದ ಹುಡುಗರು ಅಗ್ಗದ ಯಂತ್ರಗಳಲ್ಲಿ ಅದಕ್ಕೆ ಕುಣಿತ ಸೇರಿಸಿ ಟೆಕ್ನೋ ಎನ್ನುವ ಸಂಗೀತ ಮಾಡಿದರು. ನಮ್ಮ ಸಿನಿಮಾ ಹಾಡುಗಳ ಕೀಬೋರ್ಡಿಗೂ ಅದೇ ಬೇರು. "ನಮ್ಮ ಹೋಂಸ್ಟೇಗಳಲ್ಲಿ ನೀವು ಕುಣೀತೀರಲ್ಲ, ಆ ಬೀಟು ಮತ್ತೆ ಮತ್ತೆ ಸುತ್ತಿ ಬರುತ್ತಲ್ಲ, ಅದು ಮೊದಲು ಒಂದು ಟೇಪಿನ ಬಳೆ" ಅಂದಾಗ ಹುಡುಗರು ಖುಷಿಯಿಂದ ಚಪ್ಪಾಳೆ ತಟ್ಟಿದರು.

ಕೊನೆಗೆ ಅವನು ಪಲ್ಪರಿನ ಸದ್ದು ಹಾಕಿದ. ಸ್ವಲ್ಪ ಹೊತ್ತು ಕೇಳಿಸಿ, ಇದರ ಮೇಲೆ ಬೇರೆಯವರ ಹೆಸರಿದೆ, ಆದರೆ ಇದನ್ನು ಮಾಡಿದವರು ನಮ್ಮ ತಾಲೂಕಿನ ಒಬ್ಬರು ಹೆಣ್ಣುಮಗಳು ಅಂತ ತನಗೆ ಖಾತ್ರಿಯಿದೆ ಎಂದ. ಕಾರ್ಯಕ್ರಮ ಏರ್ಪಡಿಸಿದ್ದ ಉಪನ್ಯಾಸಕಿ ದೀಪಶ್ರೀ ಎದ್ದು, ಇದಕ್ಕೆ ಆಧಾರ ಏನು, ಅವರು ಯಾರು ಎಂದು ಕೇಳಿದರು. ಆಕಿಬ್ ಮುಂದಿನ ಸಾಲಿನಲ್ಲಿದ್ದ ವಿಮಲಮ್ಮನವರ ಕಡೆ ನೋಡಿದ. ಅವನ ನೋಟ ಹಿಡಿದು ಇಡೀ ಸಭಾಂಗಣ ಅತ್ತ ತಿರುಗಿತು.

"ಮೇಡಂ, ಇದು ನೀವು ಮಾಡಿದ್ದಾ?" ದೀಪಶ್ರೀ ನಗುಮುಖದಿಂದಲೇ ಕೇಳಿದರು.

ವಿಮಲಮ್ಮ ಹಿಂದೆ ತಿರುಗಿ ನೋಡಿದರು. ಅಷ್ಟೊಂದು ಮುಖಗಳು, ಎಲ್ಲವೂ ನಗಲು ತಯಾರಾಗಿ ನಿಂತ ಹಾಗೆ. ಅವರು ಎದ್ದು ನಿಂತು, ಪಾಠ ಮಾಡುವಾಗಿನ ಸ್ಪಷ್ಟ ದನಿಯಲ್ಲಿ ಹೇಳಿದರು: "ಇಲ್ಲ. ಆಕಿಬ್ ತಪ್ಪು ತಿಳ್ಕೊಂಡಿದಾನೆ. ಇಂಥ ಗಲಾಟೆಗೆಲ್ಲ ನಾನು ಹೋದವಳಲ್ಲ."

ಹುಡುಗರು ಗೊಳ್ಳೆಂದರು. ಹಿಂದಿನಿಂದ ಯಾರೋ, ಡಿಜೆ ಬೇರೆ ಹಾಡು ಹಾಕಲಿ ಎಂದು ಕೂಗಿದ. ಆಕಿಬ್‌ನ ಮುಖದಲ್ಲಿ ಒಂದು ಗಳಿಗೆ ಏನೂ ಕಾಣಲಿಲ್ಲ. ಆಮೇಲೆ ಅವನು ಎರಡೂ ಕೈ ಜೋಡಿಸಿ, "ತಪ್ಪಾಯ್ತು, ಕ್ಷಮಿಸಿ" ಎಂದು ವೇದಿಕೆಯಿಂದ ಇಳಿದ.

ಆ ಜೋಡಿಸಿದ ಕೈಗಳನ್ನು ನೋಡಿದ್ದೇ ವಿಮಲಮ್ಮ ಕುರ್ಚಿಗೆ ಕುಸಿದರು. ಕ್ಲಬ್ಬಿನಲ್ಲಿ ತಂದೆ ನಿಂತದ್ದೂ ಹೀಗೆಯೇ. ಅಂದು ನಕ್ಕವರು ಬೇರೆಯವರು. ಇವತ್ತು ನಗಿಸಿದ್ದು ತಾವು.

ವಾಪಸು ಬರುವಾಗ ಆಕಿಬ್ ವ್ಯಾನಿನಲ್ಲಿ ಹಾಡೇನೂ ಹಾಕಲಿಲ್ಲ. ದಾರಿಯಲ್ಲಿ ನಿಲ್ಲಿಸಿ ಚಾ ಬೇಕೇ ಎಂದು ಕೇಳಿದ. ಬೇಡವೆಂದರು. ಮನೆಯ ಮುಂದೆ ಇಳಿಸುವಾಗ ಎಂದಿನಂತೆ ಬಂದು ಬಾಗಿಲು ತೆರೆದು ಹಿಡಿದ. ಅವನ ಆ ಮರ್ಯಾದೆ ವಿಮಲಮ್ಮನವರಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಏನಾದರೂ ಅನ್ನಬೇಕೆಂದು ಬಾಯಿ ತೆರೆದರು. ಬಂದದ್ದು "ಹುಷಾರಾಗಿ ಹೋಗು" ಎನ್ನುವ ಮಾತಷ್ಟೇ.

ಆಮೇಲೆ ಅವನು ಬರಲಿಲ್ಲ. ಮಾರ್ಕೆಟ್ಟಿಗೆ ಹೋಗಬೇಕಾದಾಗ ವಿಮಲಮ್ಮ ಅವನ ಅಂಗಡಿ ಇರುವ ಬೀದಿ ತಪ್ಪಿಸಿ ಸುತ್ತು ಹಾಕಿ ಹೋಗುತ್ತಿದ್ದರು. ಶಶಿಧರ್ ಸತ್ತಿದ್ದಾರೆ, ಅವರ ಹೆಸರೇ ಇರಲಿ, ಯಾರಿಗೇನು ನಷ್ಟ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಆದರೆ ಅನ್ನ ಕಲಸುವಾಗ ಆ ಕೈಗಳು ಕಣ್ಣಿಗೆ ಬರುತ್ತಿದ್ದವು. ಕಡೆಗೊಂದು ಬೆಳಿಗ್ಗೆ ಅವನ ಮನೆಗೇ ಹೋದರು.

ಬಾಗಿಲು ತೆರೆದವಳು ಆಕಿಬ್‌ನ ಹೆಂಡತಿ ಹುಸ್ನಾ. ಒಳಗೆ ಕರೆದು ಕೂರಿಸಿದಳು. ಆಕಿಬ್ ಕಳಸದಲ್ಲಿ ಒಂದು ಮದುವೆಗೆ ಸೌಂಡ್ ಕಟ್ಟಲು ಹೋಗಿದ್ದ. ಅವನು ಹೇಗಿದ್ದಾನೆಂದು ವಿಮಲಮ್ಮ ಕೇಳಿದರು. ಹುಸ್ನಾ ಮೊದಲು ಚೆನ್ನಾಗಿದ್ದಾರೆ ಎಂದಳು. ಆಮೇಲೆ ಸುಮ್ಮನಿರಲಾಗದೆ ಹೇಳಿದಳು: ಅಂದಿನ ಗೊಂದಲವನ್ನು ಯಾರೋ ಫೋನಿನಲ್ಲಿ ಹಿಡಿದು ಊರಿಗೆಲ್ಲ ಕಳಿಸಿದ್ದರು. ಬೇರೆ ಸೌಂಡ್ಸ್‌ನವರೆಲ್ಲ ಅವನನ್ನು ಪ್ರೊಫೆಸರ್ ಅಂತ ಗೇಲಿ ಮಾಡುತ್ತಿದ್ದರು. ಅವನು ಕಂಪ್ಯೂಟರು ಮುಟ್ಟುವುದನ್ನೇ ಬಿಟ್ಟಿದ್ದ.

"ನಿಮ್ಮ ಹತ್ರ ಹೇಳ್ಬೇಡ ಅಂದಿದ್ರು ಮೇಡಂ. ನಿಮಗೆ ಬೇಜಾರಾಗುತ್ತಂತೆ."

ವಿಮಲಮ್ಮ ಅವಳು ಕೊಟ್ಟ ಚಾ ಪೂರ್ತಿ ಕುಡಿಯಲಿಲ್ಲ. ನೇರ ನಿಲ್ದಾಣಕ್ಕೆ ಹೋಗಿ ಕಳಸದ ಬಸ್ ಹತ್ತಿದರು. ಕೊಟ್ಟಿಗೆಹಾರ ದಾಟಿ ತಿರುವುಗಳು ಶುರುವಾದ ಮೇಲೆ ಮುಂದಿನ ಸೀಟಿನ ಕಂಬಿ ಹಿಡಿದು ಕೂತರು. ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿದ ಮಾತುಗಳೆಲ್ಲ ಬಾಳೂರು ಬರುವ ಹೊತ್ತಿಗೆ ಚೆದುರಿಹೋದವು.

ಮದುವೆ ಮನೆಯ ಅಂಗಳದಲ್ಲಿ ಶಾಮಿಯಾನ ಏಳುತ್ತಿತ್ತು. ಆಕಿಬ್ ಸ್ಪೀಕರಿಗೆ ವೈರು ಸೇರಿಸುತ್ತಿದ್ದವನು ಅವರನ್ನು ನೋಡಿ ಗಾಬರಿಯಿಂದ ಎದ್ದ. ಒಂದು ಕುರ್ಚಿ ತಂದು ನೆರಳಿಗೆ ಹಾಕಿದ. ವಿಮಲಮ್ಮ ಕೂರಲಿಲ್ಲ.

"ಅದು ನಂದೇ ಆಕಿಬ್" ಅಂದರು. "ನಾನು ಸುಳ್ಳು ಹೇಳ್ದೆ."

ಆಕಿಬ್ ಕೈಯಲ್ಲಿದ್ದ ವೈರು ಸುತ್ತುತ್ತಾ, "ಗೊತ್ತಿತ್ತು ಮೇಡಂ" ಎಂದ. ಮೊದಲೇ ನಿಮ್ಮನ್ನು ಕೇಳದೆ ಅಷ್ಟು ಜನರ ಮುಂದೆ ನಿಮ್ಮ ಕಡೆ ನೋಡಿದ್ದು ನನ್ನ ತಪ್ಪು, ಅದಕ್ಕೇ ಕ್ಷಮೆ ಕೇಳಿದೆ ಎಂದ. ಇಷ್ಟು ಹೇಳಿ ಅವನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ನೀವು ಇಲ್ಲ ಅಂದ್ರಿ, ಪರವಾಗಿಲ್ಲ. ಗಲಾಟೆ ಅಂದ್ರಿ. ನಾನು ಮನೇಲಿ ಒಬ್ನೇ ಅದನ್ನ ಕೇಳ್ತಾ ಅತ್ತಿದೀನಿ ಮೇಡಂ. ನಮ್ಮ ಕಡೆ ಸದ್ದು ಹೀಗೂ ಆಗುತ್ತೆ ಅಂತ ಯಾರೋ ನನಗಿಂತ ಮೊದಲೇ ಕಂಡಿದ್ರು ಅಂತ. ಅದಕ್ಕೆ ನೀವು ಗಲಾಟೆ ಅಂದ್ರಿ."

ಅವನ ದನಿ ಏರಿರಲಿಲ್ಲ. ವಿಮಲಮ್ಮ ಆಗ ಕುರ್ಚಿಯಲ್ಲಿ ಕೂತರು. ಕ್ಲಬ್ಬಿನ ಸಂಜೆಯ ಕಥೆಯನ್ನು ಮೊದಲ ಬಾರಿಗೆ ಒಬ್ಬರಿಗೆ ಹೇಳಿದರು. ತಂದೆ ಕೈ ಮುಗಿದದ್ದು, ದಾರಿಯಲ್ಲಿ ತಾವು ಹೇಳಿದ ಸುಳ್ಳು, ತಂದೆ ಅಂದ "ಸದ್ಯ". ಆಕಿಬ್ ಎದುರಿನ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತು ಕೇಳಿದ. ಅವರು ಮುಗಿಸಿದ ಮೇಲೆ, "ಪೂರ್ತಿ ಕೇಳಿದೀರಾ ಅದನ್ನ, ಆಮೇಲೆ ಯಾವತ್ತಾದ್ರೂ?" ಎಂದ.

ಇಲ್ಲವೆಂದು ತಲೆಯಾಡಿಸಿದರು.

ಅವನು ಹಾಕಿದ. ಮದುವೆಗೆ ತಂದಿದ್ದ ದೊಡ್ಡ ಸ್ಪೀಕರುಗಳಲ್ಲಿ ಪಲ್ಪರಿನ ಸದ್ದು ಅಂಗಳ ತುಂಬಿ ಆಚೆಯ ಗುಡ್ಡಕ್ಕೆ ತಾಗಿತು. ಶಾಮಿಯಾನದವರು ಕೆಲಸ ನಿಲ್ಲಿಸಿ ನೋಡಿದರು. ವಿಮಲಮ್ಮನವರಿಗೆ ಮೊದಲು ಕಂಡದ್ದು ತಪ್ಪುಗಳೇ. ಇಲ್ಲೊಂದು ಜೋಡಣೆ ಒರಟಾಗಿದೆ, ಅಲ್ಲೊಂದು ಸ್ವರ ಶ್ರುತಿ ಬಿಟ್ಟಿದೆ. ಆಮೇಲೆ ಜೀರುಂಡೆಗಳು ಬಂದವು. ಅವುಗಳ ಕೆಳಗೆ ಸಿಂಥಸೈಸರಿನ ಸ್ವರ ನಿಧಾನ ತೆರೆದುಕೊಂಡಿತು. ಅದು ಚೆನ್ನಾಗಿತ್ತು. ಅವರು ನಂಬಿಕೊಂಡು ಬಂದಿದ್ದ ಹಾಗೆ ಅದು ಹಾಸ್ಯಾಸ್ಪದವಾಗಿರಲಿಲ್ಲ. ಇಷ್ಟು ವರ್ಷ ನಾಚಿಕೆಪಟ್ಟದ್ದು ಯಾವುದಕ್ಕೋ, ನಾಚಿಕೆಪಡಬೇಕಾಗಿದ್ದದ್ದು ಯಾವುದಕ್ಕೋ ಎಂದು ಹೊಳೆದಾಗ ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು.

ಶಾಮಿಯಾನದವರಲ್ಲಿ ಒಬ್ಬ ಹತ್ತಿರ ಬಂದು, ಇದೆಂತ ಸದ್ದು, ಸ್ಪೀಕರು ಕೆಟ್ಟಿತಾ ಎಂದು ವಿಚಾರಿಸಿದ. ಆಕಿಬ್ ಉತ್ತರಿಸುವ ಮೊದಲು ವಿಮಲಮ್ಮ ಮುಖ ಎತ್ತಿ, ಇದು ತಾವು ಹುಡುಗಿಯಾಗಿದ್ದಾಗ ಮಾಡಿದ್ದು ಎಂದರು. ಅವನು "ಹೌದಾ" ಎಂದು, ಇನ್ನೂ ಎಷ್ಟು ಹೊತ್ತಿದೆ ಎಂದು ಕೇಳಿ ಗೂಟ ಹೊಡೆಯಲು ಹೋದ.

ಆಕಿಬ್ ಆ ವಾರವೇ ರೆಕಾರ್ಡ್ ತಂದ ಕಂಪನಿಯವರಿಗೆ ತಿಳಿಸಿದ. ವಿಮಲಮ್ಮ ಫೋನಿನಲ್ಲಿ ಅವರ ಜೊತೆ ಮಾತಾಡಿ, ಟೇಪು ಹೇಗೆ ಮಾಡಿದ್ದೆಂದು ವಿವರಿಸಿದರು. ಅಂತರ್ಜಾಲದಲ್ಲಿ ಹೆಸರು ಬದಲಾಯಿತು. ಅಚ್ಚಾಗಿ ಮಾರಾಟವಾದ ರೆಕಾರ್ಡುಗಳನ್ನು ಹಿಂದಕ್ಕೆ ತರುವಂತಿರಲಿಲ್ಲ. ಅವುಗಳ ಮೇಲೆ ಶಶಿಧರ್ ಹೆಸರೇ ಉಳಿಯಿತು.

ಆಮೇಲೊಂದು ಮಧ್ಯಾಹ್ನ ಬೊಂಬಾಯಿಯಿಂದ ಫೋನ್ ಬಂತು. ಮಾತಾಡಿದ್ದು ಶಶಿಧರ್ ಅವರ ಮಗಳು. ಸತ್ತವರ ಹೆಸರು ಅಳಿಸಿದ್ದಕ್ಕೆ ಜಗಳಕ್ಕೇ ಬಂದಿರಬೇಕೆಂದು ವಿಮಲಮ್ಮ ಹೆದರಿದರು. ಆಕೆ ಹೇಳಿದ್ದೇ ಬೇರೆ: "ಅಪ್ಪ ಯಾವತ್ತೂ ಅದು ತಮ್ದು ಅಂದಿರ್ಲಿಲ್ಲ ಆಂಟಿ. ನಮ್ಮ ಕಡೆ ಹುಡುಗಿ ಮಾಡಿದ್ದು ಅಂತಿದ್ರು. ಕೊನೇವರೆಗೂ ಆ ಟೇಪಿಗೆ ಧೂಳು ಬೀಳೋಕೆ ಬಿಡ್ಲಿಲ್ಲ. ಕಂಪನಿಯವ್ರು ಕೇಳಿದಾಗ ಅಪ್ಪಂದೇ ಅಂತ ಬರ್ಕೊಳ್ಳಿ ಅಂದದ್ದು ನಾನು. ಹುಡುಗಿ ಹೆಸರು ಕೇಳಿಟ್ಕೊಂಡಿರ್ಲಿಲ್ಲ."

ವಿಮಲಮ್ಮ ಆಕೆಯನ್ನು ದೂರಲಿಲ್ಲ. ಶಶಿಧರ್ ಬದುಕಿದ್ದಾಗ ಆ ಟೇಪು ಏನಾಯಿತೆಂದು ತಾವೇ ಒಂದು ಸಲ ಕೇಳಬಹುದಿತ್ತು. ಹೇಳದೆ ಕೇಳದೆ ಕೆಲಸ ಬಿಟ್ಟು ಬಂದವರು ತಾವು. ಯಾರು ಮೊದಲು ಫೋನು ಇಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಮಾಡಬೇಕಾದ್ದು ಒಂದು ಉಳಿದಿತ್ತು. ಅವರು ಕಾಲೇಜಿನ ಉಪನ್ಯಾಸಕಿ ದೀಪಶ್ರೀಗೆ ಫೋನ್ ಮಾಡಿ, ಅದೇ ವಿದ್ಯಾರ್ಥಿಗಳ ಮುಂದೆ ಸ್ವಲ್ಪ ಮಾತಾಡಬೇಕು ಎಂದರು. ದೀಪಶ್ರೀ, ಅದೆಲ್ಲ ಎಲ್ಲರೂ ಮರೆತಿದ್ದಾರೆ, ಅಷ್ಟು ದೂರ ಬರುವ ತೊಂದರೆ ಯಾಕೆ ಎಂದರು. ಆಕಿಬ್ ಮರೆತಿಲ್ಲ ಎಂದರು ವಿಮಲಮ್ಮ. ಕಡೆಗೆ ಒಂದು ತರಗತಿಯ ಕೊನೆಯಲ್ಲಿ ಅವಕಾಶ ಸಿಕ್ಕಿತು. ಆಕಿಬ್‌ಗೆ ತಿಳಿಸದೆ ಬಸ್ಸಿನಲ್ಲಿ ಹೋದರು.

ತರಗತಿ ತುಂಬಿರಲಿಲ್ಲ. ಹಿಂದಿನ ಬೆಂಚಿನವರು ಬ್ಯಾಗು ಹೆಗಲಿಗೇರಿಸಿ ಹೊರಡುವ ತಯಾರಿಯಲ್ಲಿದ್ದರು. ವಿಮಲಮ್ಮ ಮೇಜು ಹಿಡಿದುಕೊಂಡು ನಿಂತರು. "ಅವತ್ತು ಆಕಿಬ್ ಹೇಳಿದ್ದು ನಿಜ. ಸುಳ್ಳು ಹೇಳಿದವಳು ನಾನು. ನೀವು ನಗ್ತೀರಿ ಅಂತ ಹೆದರಿ, ಅವನ ಮೇಲೆ ನಗೋ ಹಾಗೆ ಮಾಡ್ದೆ." ಇನ್ನೂ ಹೇಳಬೇಕೆಂದುಕೊಂಡಿದ್ದರು. ಅಲ್ಲಿಗೇ ನಿಲ್ಲಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವತ್ತು ಹಿಂದಿನಿಂದ ಕೂಗಿದವನೇ ಇರಬೇಕು, ಒಬ್ಬ ಹುಡುಗ ತಲೆ ಬಗ್ಗಿಸಿ ಬೆಂಚಿನ ಮೇಲೆ ಉಗುರಿನಿಂದ ಗೀಚುತ್ತಿದ್ದ. ಒಬ್ಬಳು ಹುಡುಗಿ ಮಾತ್ರ ಕೈ ಎತ್ತಿ, ಟೇಪನ್ನು ಯಾಕೆ ಓರೆಯಾಗಿ ಕತ್ತರಿಸುತ್ತಿದ್ದರು ಎಂದು ಕೇಳಿದಳು. ನೇರ ಕತ್ತರಿಸಿದರೆ ಜೋಡಿಸಿದ ಜಾಗದಲ್ಲಿ ಟಕ್ ಎಂದು ಸದ್ದು ಬರುತ್ತದೆ, ಓರೆಯಾದರೆ ಒಂದು ಸದ್ದು ಇನ್ನೊಂದರೊಳಕ್ಕೆ ಜಾರಿ ಹೋಗುತ್ತದೆ ಎಂದು ವಿಮಲಮ್ಮ ಬೋರ್ಡಿನ ಮೇಲೆ ಬರೆದು ತೋರಿಸಿದರು.

ಸುದ್ದಿ ಅವರಿಗಿಂತ ಮೊದಲೇ ಮೂಡಿಗೆರೆಯಲ್ಲಿ ಆಕಿಬ್‌ಗೆ ಮುಟ್ಟಿತ್ತು. ಬಸ್ ಇಳಿದಾಗ ಅವನು ನಿಲ್ದಾಣದಲ್ಲಿ ನಿಂತಿದ್ದ. ಅವರ ಕೈಯಿಂದ ಚೀಲ ತೆಗೆದುಕೊಂಡು, ಸಾಕಾಗಿರಬೇಕು, ಮನೆಗೆ ಬಿಡ್ತೇನೆ ಬನ್ನಿ ಎಂದು ವ್ಯಾನಿನ ಕಡೆ ನಡೆದ. ವಿಮಲಮ್ಮ ಅವನ ಹಿಂದೆ ಹೋದರು. ಅವನ ಮುಖ ನೇರ ನೋಡಲು ಅವರಿಗೆ ಇನ್ನೂ ಆಗುತ್ತಿರಲಿಲ್ಲ.